ವಿವಿ ಕೊಡುವ 'ವಿದ್ಯಾರ್ಥಿ ಕ್ಷೇಮ'ದ ಹಣ: ಈ ಸಲವಾದರೂ ಹುಡುಗರಿಗೆ ಮುಟ್ಟುವಂಥದ್ದು ಏನು ಕೇಳೋಣ?

ಹಳ್ಳಿಮೇಷ್ಟ್ರು
ಎಲ್ಲರಿಗೂ ನಮಸ್ಕಾರ. ನಾನು ರಾಜ್ಯದ ಒಂದು ವಿಶ್ವವಿದ್ಯಾಲಯದಲ್ಲಿ ಅತಿಥಿ ಉಪನ್ಯಾಸಕ. ಈ ವರ್ಷ ನಮ್ಮಲ್ಲಿ ವಿದ್ಯಾರ್ಥಿಗಳ ಆರೋಗ್ಯ ಮತ್ತು ಕ್ಷೇಮಕ್ಕೆ ಅಂತ ಮೂರು ಲಕ್ಷ ತೆಗೆದಿಟ್ಟಿದ್ದಾರೆ. ವಿಭಾಗಗಳು ಯೋಜನೆ ಬರೆದು ಕೊಡಬೇಕು, ಸಮಿತಿ ಆರಿಸುತ್ತದೆ. ವಿದ್ಯಾರ್ಥಿಗಳ ದೈಹಿಕ, ಮಾನಸಿಕ ಆರೋಗ್ಯದ ಬಗ್ಗೆ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2023ರಲ್ಲಿ ಮಾರ್ಗಸೂಚಿ ಕೊಟ್ಟಿತ್ತಲ್ಲ, ಸುತ್ತೋಲೆಯಲ್ಲಿ ಅದರ ಹೆಸರೇ ಇದೆ.

ಮೊದಲ ಸಭೆಯಲ್ಲಿ ಬಂದ ಸಲಹೆಗಳು ಇವು. ಯೋಗ ದಿನಾಚರಣೆ. ಟೀಶರ್ಟ್ ಹಂಚಿ ಮ್ಯಾರಥಾನ್. ಓಪನ್ ಜಿಮ್. ದೊಡ್ಡ ಭಾಷಣಕಾರರೊಬ್ಬರಿಂದ ಸ್ಫೂರ್ತಿ ಮಾತು. ಯಾವುದೂ ಕೆಟ್ಟದ್ದಲ್ಲ. ಆದರೆ ನನ್ನ ಕ್ಲಾಸಿನಲ್ಲಿ ಬೆಳಿಗ್ಗೆ ತಿಂಡಿ ತಿನ್ನದೆ ಎರಡು ಬಸ್ ಬದಲಿಸಿ ಬರುವವರಿದ್ದಾರೆ, ಪರೀಕ್ಷೆ ಹತ್ತಿರ ಬಂದರೆ ಕೈ ನಡುಗುತ್ತದೆ ಸರ್ ಅಂತ ಹೇಳಿಕೊಳ್ಳುವವರಿದ್ದಾರೆ, ಆ ಮಾತನ್ನೂ ಆಡದೆ ಕ್ಲಾಸಿಗೇ ಬರುವುದನ್ನು ನಿಲ್ಲಿಸಿದವರೂ ಇದ್ದಾರೆ. ಅವರಿಗೆ ಮುಟ್ಟುವಂಥದ್ದು ಏನಾದರೂ ಬರೆಯಬೇಕು ಅಂತ ಆಸೆ. ತಿಂಗಳ ಕೊನೆಗೆ ಕೊಡಬೇಕು. ನಿಮ್ಮ ಕ್ಯಾಂಪಸ್ಸಿನಲ್ಲಿ ಏನು ನಡೆದಿದೆ, ಯಾವುದು ಉಳಿಯಿತು, ಯಾವುದು ಹೋಯಿತು ಹೇಳಿ.

ಹಾಸ್ಟೆಲ್_ಹುಡುಗ
ಮೊದಲು ನೀರು ಸರ್. ನಮ್ಮ ಹಾಸ್ಟೆಲಿನಲ್ಲಿ ಫಿಲ್ಟರ್ ಇದೆ, ಕ್ಯಾಂಡಲ್ ಬದಲಿಸುವವರಿಲ್ಲ. ಬೇಸಿಗೆ ಬಂದರೆ ಅರ್ಧ ಬ್ಲಾಕಿಗೆ ಹೊಟ್ಟೆ ಕೆಡುತ್ತದೆ. ಯೋಗ ಆಮೇಲೆ.

ಬೆಳಗಿನ_ವಾಕಿಂಗ್
ಯೋಗಕ್ಕೂ ಜಿಮ್ಮಿಗೂ ಯಾಕೆ ಇಷ್ಟು ಬೇಜಾರು? ನಾನು ಪಿಜಿ ಓದುವಾಗ ಕ್ಯಾಂಪಸ್ಸಿನ ಓಪನ್ ಜಿಮ್ ಇಲ್ಲದಿದ್ದರೆ ಮೈ ಅಲ್ಲಾಡಿಸುವುದಕ್ಕೆ ಬೇರೆ ಜಾಗವೇ ಇರಲಿಲ್ಲ. ಊರಿನ ಜಿಮ್ಮಿಗೆ ತಿಂಗಳಿಗೆ ಸಾವಿರ ರೂಪಾಯಿ ಕೊಡುವ ಶಕ್ತಿ ಯಾರಿಗಿದೆ? ಮೈಸೂರಿನವರನ್ನು ಕೇಳಿ. ಕುಕ್ಕರಹಳ್ಳಿ ಕೆರೆ ವಿಶ್ವವಿದ್ಯಾಲಯದ್ದೇ. ಆ ಏರಿ ಮೇಲೆ ನಡೆದು ಮನಸ್ಸು ಹಗುರ ಮಾಡಿಕೊಂಡವರು ಎಷ್ಟು ತಲೆಮಾರು ಇದ್ದಾರೋ. ನಡೆಯುವುದಕ್ಕೆ ಒಂದು ದಾರಿ, ಕೂರುವುದಕ್ಕೆ ಒಂದು ಬೆಂಚು, ಇದೂ ಕ್ಷೇಮವೇ ಅಲ್ವಾ.

ಬಯಲುಸೀಮೆ_ಹುಡುಗಿ
@ಬೆಳಗಿನ_ವಾಕಿಂಗ್ ಒಪ್ಪಿದೆ ಅಣ್ಣ. ಆದರೆ ನಮ್ಮ ಹಾಸ್ಟೆಲ್ ಗೇಟು ಸಂಜೆ ಆರೂವರೆಗೆ ಮುಚ್ಚುತ್ತದೆ. ಕ್ಲಾಸು ಐದಕ್ಕೆ ಮುಗಿಯುತ್ತದೆ. ಓಪನ್ ಜಿಮ್ಮಿನಲ್ಲಿ ಬೆಳಿಗ್ಗೆ ಸುತ್ತಮುತ್ತಲ ಬಡಾವಣೆಯ ಗಂಡಸರು, ಸಂಜೆ ಹುಡುಗರು. ನಾವು ಯಾವಾಗ ಹೋಗೋಣ? ಒಂದು ಗಂಟೆ ಹುಡುಗಿಯರಿಗೆ ಅಂತ ಬಿಡಿ, ಅಲ್ಲಿ ಎರಡು ದೀಪ ಹಾಕಿಸಿ. ಖರ್ಚು ಎಷ್ಟಾಗುತ್ತದೆ?

ಇನ್ನೊಂದು. ಪ್ಯಾಡ್ ಮಷೀನ್ ಉದ್ಘಾಟನೆ ದಿನ ಫೋಟೋ ತೆಗೆದರು. ಆಮೇಲೆ ಅದರಲ್ಲಿ ಪ್ಯಾಡ್ ತುಂಬಿಸುವುದು ಯಾರ ಕೆಲಸ ಅಂತ ಯಾರಿಗೂ ಗೊತ್ತಿಲ್ಲ. ಬಳಸಿದ್ದನ್ನು ಹಾಕುವುದಕ್ಕೆ ಮುಚ್ಚಳದ ಡಬ್ಬಿ ಇಲ್ಲ. ಆ ದಿನಗಳಲ್ಲಿ ಎಷ್ಟೋ ಹುಡುಗಿಯರು ಕ್ಲಾಸಿಗೇ ಬರುವುದಿಲ್ಲ. ಹಾಜರಾತಿ ಹೋಗುತ್ತದೆ. ಕೇರಳದ ಕೊಚ್ಚಿ ವಿಜ್ಞಾನ ಮತ್ತು ತಂತ್ರಜ್ಞಾನ ವಿವಿ 2023ರಲ್ಲೇ ಹುಡುಗಿಯರಿಗೆ ಹಾಜರಾತಿಯಲ್ಲಿ ಶೇ 2ರಷ್ಟು ಹೆಚ್ಚುವರಿ ರಿಯಾಯಿತಿ ಕೊಟ್ಟಿತು. ಅದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಆಪ್ತಸಲಹೆಗಾರ್ತಿ
ನಾನು ಮನಃಶಾಸ್ತ್ರ ಎಂಎಸ್ಸಿ ಮಾಡಿ ಎರಡು ಕಾಲೇಜುಗಳಲ್ಲಿ ಕೌನ್ಸೆಲಿಂಗ್ ಮಾಡುತ್ತಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ.

2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಶಿಕ್ಷಣ ಸಂಸ್ಥೆಗಳಿಗೆ 15 ಮಾರ್ಗಸೂಚಿ ಕೊಟ್ಟಿದೆ. ನೂರು ಅಥವಾ ಅದಕ್ಕಿಂತ ಜಾಸ್ತಿ ವಿದ್ಯಾರ್ಥಿಗಳಿದ್ದರೆ ತರಬೇತಿ ಪಡೆದ ಒಬ್ಬ ಕೌನ್ಸೆಲರ್ ಆದರೂ ಇರಬೇಕು. ಸಿಬ್ಬಂದಿಗೆಲ್ಲ ವರ್ಷಕ್ಕೆ ಎರಡು ಸಲವಾದರೂ ಮಾನಸಿಕ ಆರೋಗ್ಯದ ತರಬೇತಿ ಆಗಬೇಕು. ಸಹಾಯವಾಣಿ ನಂಬರು ಹಾಸ್ಟೆಲ್, ತರಗತಿ, ವೆಬ್‌ಸೈಟ್ ಎಲ್ಲ ಕಡೆ ಎದ್ದು ಕಾಣಬೇಕು. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ (ಎನ್‌ಸಿಆರ್‌ಬಿ) ಲೆಕ್ಕದಲ್ಲಿ 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆಯಿಂದ ಪ್ರಾಣ ಕಳೆದುಕೊಂಡರು. ಕೋರ್ಟು ಸುಮ್ನೆ ಇಷ್ಟು ಕಟ್ಟುನಿಟ್ಟಾಗಿ ಹೇಳಿಲ್ಲ.

ಈಗ ನಡೆಯುವುದನ್ನು ಹೇಳುತ್ತೇನೆ. ನಾನು ಹೋಗುವ ಒಂದು ಕಾಲೇಜಿನಲ್ಲಿ ಕೌನ್ಸೆಲಿಂಗ್ ಕೋಣೆ ಪ್ರಾಂಶುಪಾಲರ ಕೋಣೆಯ ಪಕ್ಕ. ಹೊರಗೆ ಬೆಂಚಿನ ಮೇಲೆ ಅಟೆಂಡರ್ ಕೂತಿರುತ್ತಾರೆ. ಬಂದವರ ಹೆಸರು, ವಿಭಾಗ, ಕಾರಣ ಅಂತ ರಿಜಿಸ್ಟರಿನಲ್ಲಿ ಬರೆಯಬೇಕು. ಯಾವ ಹುಡುಗ ಬರುತ್ತಾನೆ ಹೇಳಿ? ಅದನ್ನು ಬಿಟ್ಟು ಲೈಬ್ರರಿ ಕಡೆಯ ಒಂದು ಮೂಲೆ ಕೋಣೆ ಕೊಟ್ಟ ಕಾಲೇಜಿನಲ್ಲಿ ಮಾತಾಡುವುದಕ್ಕೆ ಮಕ್ಕಳು ತಾವಾಗಿ ಬರುತ್ತಾರೆ. ಅಲ್ಲೂ ನಾನೇ, ಇಲ್ಲೂ ನಾನೇ. ಕೋಣೆ ಮಾತ್ರ ಬೇರೆ.

ಮೇಷ್ಟ್ರೇ, ಬೇರೆ ಏನು ಬರೆಯದಿದ್ದರೂ ಇದನ್ನು ಬರೆಯಿರಿ. ಬಾಗಿಲು ಮುಚ್ಚಿಕೊಳ್ಳುವ ಒಂದು ಕೋಣೆ, ವಾರಕ್ಕೆ ಎರಡು ದಿನ ಖಾಯಂ ಬರುವ ಒಬ್ಬರು, ಕಾರಣ ಕೇಳದ ರಿಜಿಸ್ಟರ್.

ಹಾಸ್ಟೆಲ್_ಹುಡುಗ
ಮೇಡಂ, ಕೌನ್ಸೆಲರ್ ಇಲ್ಲದ ಕಡೆ ಏನು ಮಾಡೋದು? ರಾತ್ರಿ ಹೊತ್ತು?

ಆಪ್ತಸಲಹೆಗಾರ್ತಿ
ಟೆಲಿ-ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ ಅಲ್ವಾ. 14416. 2022ರ ಅಕ್ಟೋಬರ್ 10ಕ್ಕೆ ಶುರುವಾದದ್ದು. ದಿನದ 24 ಗಂಟೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ನಮ್ಮ ನಿಮ್ಹಾನ್ಸೇ ಅದಕ್ಕೆ ಮುಖ್ಯ ಕೇಂದ್ರ. ಜಿಲ್ಲೆಗಳಲ್ಲಿ ಯುವಜನರಿಗೆ ಸಲಹೆ ಕೊಡುವ ಯುವ ಸ್ಪಂದನ ಕೇಂದ್ರಗಳೂ ಇವೆ, ಅದು ನಿಮ್ಹಾನ್ಸ್ ಮತ್ತು ಯುವ ಸಬಲೀಕರಣ ಇಲಾಖೆ ಸೇರಿ ಮಾಡಿದ್ದು. ಈ ನಂಬರನ್ನು ಐಡಿ ಕಾರ್ಡಿನ ಹಿಂದೆ ಅಚ್ಚು ಹಾಕಿಸಿ. ಹಾಲ್ ಟಿಕೆಟಿನ ಮೇಲೂ ಹಾಕಿಸಿ. ನೋಟಿಸ್ ಬೋರ್ಡಿನಲ್ಲಿ ಎಲ್ಲರ ಎದುರು ನಿಂತು ನಂಬರು ಬರೆದುಕೊಳ್ಳಲು ಎಷ್ಟೋ ಜನರಿಗೆ ಸಂಕೋಚ.

ದಾವಣಗೆರೆ_ಟು_ಲಂಡನ್
ರಾತ್ರಿ ಅಂದಿದ್ದಕ್ಕೆ ನೆನಪಾಯಿತು. ಇಲ್ಲಿ ಬ್ರಿಟನ್ನಿನಲ್ಲಿ ನೈಟ್‌ಲೈನ್ ಅಂತ ಇದೆ. 1970ರಲ್ಲಿ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ಶುರುವಾಯಿತು. ವಿದ್ಯಾರ್ಥಿಗಳೇ ತರಬೇತಿ ತೆಗೆದುಕೊಂಡು ರಾತ್ರಿ ಫೋನಿನ ಪಕ್ಕ ಕೂರುತ್ತಾರೆ. ಹೆಸರು ಕೇಳುವುದಿಲ್ಲ, ಬುದ್ಧಿ ಹೇಳುವುದಿಲ್ಲ, ಕೇಳಿಸಿಕೊಳ್ಳುತ್ತಾರೆ ಅಷ್ಟೇ. ನಾನು ಇಲ್ಲಿಗೆ ಬಂದ ಹೊಸದರಲ್ಲಿ ನಾಲ್ಕು ಗಂಟೆಗೇ ಕತ್ತಲಾಗುವ ಚಳಿಗಾಲದಲ್ಲಿ, ಮನೆಗೆ ಫೋನ್ ಮಾಡಿದರೆ ಅಮ್ಮ ಗಾಬರಿಯಾಗುತ್ತಾಳೆ ಅಂತ ಸುಮ್ಮನಿರುವಾಗ, ಅಂಥ ಒಂದು ದನಿ ಎಷ್ಟು ದೊಡ್ಡದು ಅಂತ ಗೊತ್ತಾಯಿತು. ನಮ್ಮ ಕಡೆ ಸಮಾಜಕಾರ್ಯ, ಮನಃಶಾಸ್ತ್ರ ಓದುವ ಮಕ್ಕಳಿದ್ದಾರೆ. ಅವರಿಂದ ಮಾಡಿಸಬಹುದಲ್ಲ?

ಆಪ್ತಸಲಹೆಗಾರ್ತಿ
ಮಾಡಿಸಬಹುದು, ಆದರೆ ತರಬೇತಿ ಇಲ್ಲದೆ ಬೇಡವೇ ಬೇಡ. ಇಪ್ಪತ್ತು ವರ್ಷದ ಮಗುವಿನ ಮೇಲೆ ಇನ್ನೊಂದು ಮಗುವಿನ ಭಾರ ಹಾಕುವಾಗ ಹಿಂದೆ ದೊಡ್ಡವರೊಬ್ಬರು ಇರಲೇಬೇಕು. ಯಾರಾದರೂ ಅಪಾಯದಲ್ಲಿದ್ದರೆ ಗುರುತಿಸಿ ಸರಿಯಾದ ಕಡೆ ಕಳಿಸುವ ತರಬೇತಿಯನ್ನು ನಿಮ್ಹಾನ್ಸಿನವರು ಕೊಡುತ್ತಾರೆ. ವಾರ್ಡನ್, ಸೆಕ್ಯುರಿಟಿ, ಮೆಸ್ ಅಡುಗೆಯವರಿಗೂ ಇದನ್ನು ಕಲಿಸಬೇಕು. ಎರಡು ದಿನದಿಂದ ಊಟಕ್ಕೆ ಬರದ ಹುಡುಗ ಯಾರು ಅಂತ ಎಲ್ಲರಿಗಿಂತ ಮೊದಲು ಗೊತ್ತಾಗುವುದು ಅಡುಗೆಯವರಿಗೆ.

ಮೆಸ್_ಸೆಕ್ರೆಟರಿ
ಈ ಮಾತು ನೂರಕ್ಕೆ ನೂರು ನಿಜ. ನಮ್ಮ ಮೆಸ್ಸಿನ ಅಜ್ಜಿಗೆ ಇಡೀ ಬ್ಲಾಕಿನ ಹುಡುಗರ ಹೆಸರು ಗೊತ್ತು.

ಕೆಲೋನಾ_ಕನ್ನಡಿಗ
ನಾನು ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿದ್ದೇನೆ. 2015ರಲ್ಲಿ ಇದೇ ಕೆಲೋನಾದ ಯುಬಿಸಿ (ಬ್ರಿಟಿಷ್ ಕೊಲಂಬಿಯಾ ವಿವಿ) ಒಕನಾಗನ್ ಕ್ಯಾಂಪಸ್ಸಿನಲ್ಲಿ ಬೇರೆ ಬೇರೆ ದೇಶಗಳ ವಿಶ್ವವಿದ್ಯಾಲಯದವರು ಸೇರಿ ಒಕನಾಗನ್ ಚಾರ್ಟರ್ ಅನ್ನುವ ಸನ್ನದು ಬರೆದರು. ಅದರ ಮುಖ್ಯ ಮಾತು ಎರಡು. ಆರೋಗ್ಯವನ್ನು ಕ್ಯಾಂಪಸ್ಸಿನ ಆಡಳಿತ, ಪಾಠ, ಕಟ್ಟಡ, ನಿಯಮ ಎಲ್ಲದರೊಳಗೂ ಸೇರಿಸಿ ಅನ್ನುವುದು ಮೊದಲನೆಯದು. ಕ್ಯಾಂಪಸ್ಸಿನ ಹೊರಗೂ ಆರೋಗ್ಯದ ವಿಷಯದಲ್ಲಿ ವಿವಿಗಳು ಮುಂದೆ ನಿಲ್ಲಬೇಕು ಅನ್ನುವುದು ಎರಡನೆಯದು. ಒಂದು ದಿನದ ಕಾರ್ಯಕ್ರಮ ಮಾಡಿ ಕೈ ತೊಳೆದುಕೊಳ್ಳುವುದಕ್ಕೆ ಅಲ್ಲಿ ಜಾಗವಿಲ್ಲ.

ಇಲ್ಲಿನ ಒಂದು ಯೋಜನೆ ನನಗೆ ತುಂಬಾ ಇಷ್ಟ. ಹೆಸರು ಬಾರ್ಕ್. 2012ರಿಂದ ಇದೆ. ತರಬೇತಿ ಪಡೆದ ನಾಯಿಗಳನ್ನು ಅವುಗಳ ಮಾಲೀಕರ ಜೊತೆ ಕರೆತರುತ್ತಾರೆ. ಮನೆ ಬಿಟ್ಟು ಬಂದ ಹುಡುಗರು ಸುತ್ತ ಕೂತು ಅವನ್ನು ನೇವರಿಸುತ್ತಾ ಒಬ್ಬರಿಗೊಬ್ಬರು ಪರಿಚಯವಾಗುತ್ತಾರೆ.

ಹಾಸ್ಟೆಲ್_ಹುಡುಗ
ಅಣ್ಣ, ನಮ್ಮ ಕ್ಯಾಂಪಸ್ಸಿನಲ್ಲಿ ನಾಯಿಗಳು ರಾತ್ರಿ ಲೈಬ್ರರಿಯಿಂದ ಬರುವವರನ್ನು ಅಟ್ಟಿಸಿಕೊಂಡು ಬರುತ್ತವೆ. ಹೋದ ತಿಂಗಳು ನನ್ನ ರೂಮ್‌ಮೇಟ್‌ಗೆ ಕಚ್ಚಿತು.

ಬೆಳಗಿನ_ವಾಕಿಂಗ್
2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಶಿಕ್ಷಣ ಸಂಸ್ಥೆ, ಆಸ್ಪತ್ರೆ, ಬಸ್ ನಿಲ್ದಾಣಗಳಿಂದ ಬೀದಿನಾಯಿಗಳನ್ನು ಸ್ಥಳಾಂತರಿಸಿ ಅಂತ ಹೇಳಿತಲ್ಲ. ನಿಮ್ಮಲ್ಲಿ ಏನೂ ಆಗಿಲ್ವಾ?

ಮೆಸ್_ಸೆಕ್ರೆಟರಿ
ಸ್ಥಳಾಂತರಿಸಿ ಎಲ್ಲಿ ಇಡುವುದು? ನಮ್ಮ ತಾಲೂಕಿನಲ್ಲಿ ಶೆಲ್ಟರೇ ಇಲ್ಲ. ಮೊದಲು ಮೆಸ್ಸಿನ ಎಂಜಲು ಬಯಲಿಗೆ ಸುರಿಯುವುದು ನಿಲ್ಲಬೇಕು. ನಮ್ಮ ಹಾಸ್ಟೆಲಿನಲ್ಲಿ ಗೊಬ್ಬರದ ಗುಂಡಿ ಮಾಡಿದ ಮೇಲೆ ನಾಯಿಗಳು ಕಡಿಮೆಯಾದವು.

ಪಿಎಚ್‌ಸಿ_ಡಾಕ್ಟರ್
ನಾಯಿ ವಿಷಯ ಬಂತು ಅಂತ ಒಂದು ಮಾತು. ಕಚ್ಚಿದ ತಕ್ಷಣ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಖಾರದ ಪುಡಿ ಏನೂ ಹಚ್ಚಬೇಡಿ. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ, ರೇಬೀಸ್ ಲಸಿಕೆ ಉಚಿತ. ಗಾಯ ನೋಡಿ ಜೊತೆಗೆ ಇನ್ನೊಂದು ಇಂಜೆಕ್ಷನ್ ಬೇಕಾಗಬಹುದು. ಡೋಸ್ ಮಧ್ಯದಲ್ಲಿ ಬಿಡಬೇಡಿ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸಿಕೊಳ್ಳುವುದು ಆಗದ ಮಾತು.

ಈಗ ಮೂಲ ಪ್ರಶ್ನೆ. ನಾನು ಬರೆಯುವುದಾದರೆ ರಕ್ತಹೀನತೆ ತಪಾಸಣೆ ಬರೆಯುತ್ತಿದ್ದೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 57 ಮಂದಿಗೆ ರಕ್ತಹೀನತೆ ಇದೆ. ನಮ್ಮ ರಾಜ್ಯದಲ್ಲೂ ಅರ್ಧದ ಹತ್ತಿರ. ತಿಂಡಿ ಬಿಟ್ಟು ಬರುವ ಹುಡುಗಿಯರು ಅಂತ ಮೇಷ್ಟ್ರು ಬರೆದಿದ್ದಾರೆ. ಮಧ್ಯಾಹ್ನ ಕ್ಲಾಸಿನಲ್ಲಿ ತೂಕಡಿಸುತ್ತಾಳೆ, ಓದಿದ್ದು ತಲೆಗೆ ಹೋಗಲ್ಲ ಅನ್ನುತ್ತಾಳೆ, ಮೆಟ್ಟಿಲು ಹತ್ತಿದರೆ ಏದುಸಿರು. ಎಲ್ಲರೂ ಅವಳನ್ನು ಸೋಮಾರಿ ಅನ್ನುತ್ತಾರೆ. ಹಿಮೋಗ್ಲೋಬಿನ್ ನೋಡಿದರೆ ಎಂಟೋ ಒಂಬತ್ತೋ ಇರುತ್ತದೆ. ಬೆರಳು ಚುಚ್ಚಿ ನೋಡುವ ಪರೀಕ್ಷೆ ಇದು. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ (ಪಿಎಚ್‌ಸಿ) ಪತ್ರ ಬರೆದರೆ ಬಂದು ಮಾಡುತ್ತಾರೆ, ಕಬ್ಬಿಣದ ಮಾತ್ರೆಯೂ ಅಲ್ಲೇ ಸಿಗುತ್ತದೆ. ಒಂದೇ ಸಲ ನೋಡಿ ಬಿಟ್ಟರೆ ಪ್ರಯೋಜನವಿಲ್ಲ. ಮೂರು ತಿಂಗಳ ಮೇಲೆ ಮತ್ತೆ ನೋಡಬೇಕು. ಮಾತ್ರೆಯನ್ನು ಟೀ ಕಾಫಿ ಜೊತೆ ನುಂಗಬಾರದು, ನಿಂಬೆ ಪಾನಕದ ಜೊತೆ ಆದೀತು.

ಬಯಲುಸೀಮೆ_ಹುಡುಗಿ
ಡಾಕ್ಟ್ರೇ, ಮಾತ್ರೆ ತಿಂದರೆ ವಾಂತಿ ಬರುತ್ತದೆ ಅಂತ ನಮ್ಮ ರೂಮಿನಲ್ಲಿ ಎಲ್ಲರೂ ಎಸೆಯುತ್ತಾರೆ.

ಪಿಎಚ್‌ಸಿ_ಡಾಕ್ಟರ್
ಊಟ ಆದ ಮೇಲೆ ತಗೊಳ್ಳಿ ತಾಯಿ, ರಾತ್ರಿ ಮಲಗುವ ಮುಂಚೆ. ಮಲ ಕಪ್ಪಗಾಗುತ್ತದೆ, ಹೆದರಬೇಡಿ. ಆಮೇಲೂ ತೊಂದರೆ ಆದರೆ ಬದಲಿಸಿಕೊಡುತ್ತಾರೆ, ಎಸೆಯಬೇಡಿ.

ಕ್ಯಾಂಟೀನ್_ಚಿತ್ರಾನ್ನ
ತಿಂಡಿ ಬಗ್ಗೆ ಯಾರೂ ಮಾತಾಡಿಲ್ಲ. ಕ್ಯಾಂಪಸ್ಸಿನಲ್ಲಿ ಜಂಕ್ ಫುಡ್ ಬೇಡ ಅಂತ ಯುಜಿಸಿ 2016ರಲ್ಲೇ ಹೇಳಿದೆ, 2024ರಲ್ಲಿ ಮತ್ತೆ ನೆನಪಿಸಿದೆ. ಆದರೆ ಕ್ಯಾಂಟೀನ್ ಕೊಡುವುದು ಯಾರು ಜಾಸ್ತಿ ಬಾಡಿಗೆ ಕೂಗುತ್ತಾರೋ ಅವರಿಗೆ. ಅವರು ಆ ದುಡ್ಡು ಎಲ್ಲಿಂದ ಎತ್ತಬೇಕು? ಅದೇ ಎಣ್ಣೆಯಲ್ಲಿ ಮತ್ತೆ ಮತ್ತೆ ಕರಿಯುತ್ತಾರೆ, ಗೋಬಿಗೆ ಬಣ್ಣ ಸುರಿಯುತ್ತಾರೆ. ಗೋಬಿಗೆ ಕೃತಕ ಬಣ್ಣ ಹಾಕಬಾರದು ಅಂತ 2024ರ ಮಾರ್ಚ್‌ನಲ್ಲಿ ನಮ್ಮ ಸರ್ಕಾರ ಆದೇಶ ಮಾಡಿದೆ. ಬಾಡಿಗೆ ಇಳಿಸಿ, ಬದಲಿಗೆ ಬೆಳಿಗ್ಗೆ ಎಂಟೂವರೆಗೆ ಇಪ್ಪತ್ತು ರೂಪಾಯಿಗೆ ಬಿಸಿ ತಿಂಡಿ ಕೊಡಬೇಕು ಅಂತ ಷರತ್ತು ಹಾಕಿ. ಮೇಷ್ಟ್ರು ಹೇಳಿದ, ಹಸಿದು ಬರುವ ಮಕ್ಕಳಿಗೆ ಇದೇ ದೊಡ್ಡ ಯೋಜನೆ.

ರಿಸರ್ಚ್_ಸ್ಕಾಲರ್
ಎಲ್ಲಾ ಸರಿ. ನಾನೊಂದು ಕಹಿ ಮಾತು ಹೇಳುತ್ತೇನೆ. ಪಿಎಚ್‌ಡಿ ಮಾಡುವವರ ಮನಸ್ಸು ಕೆಡುವುದು ಫೆಲೋಶಿಪ್ ತಿಂಗಳುಗಟ್ಟಲೆ ಬರದಿದ್ದಾಗ. ಜೆಆರ್‌ಎಫ್ (ಕೇಂದ್ರದ ಸಂಶೋಧನಾ ಫೆಲೋಶಿಪ್) 2023ರಿಂದ ತಿಂಗಳಿಗೆ 37,000 ಆಗಿದೆ, ಸಿಕ್ಕವರಿಗೆ. ರಾಜ್ಯದ ವಿವಿಗಳಲ್ಲಿ ಏನೂ ಸಿಗದೆ ಓದುವವರು ಎಷ್ಟೊಂದು ಜನ. ನನಗೆ ಕೌನ್ಸೆಲಿಂಗ್ ಕೊಡಿಸುವ ಮೊದಲು ಬರಬೇಕಾದ ಹಣ ಕೊಡಿಸಿ. ಮೂವತ್ತು ವರ್ಷ ತುಂಬಿದ ಮೇಲೂ ಅಪ್ಪನ ಹತ್ತಿರ ಮೆಸ್ ಬಿಲ್ಲಿಗೆ ಕೇಳುವುದು ಹೇಗಿರುತ್ತದೆ ಅಂತ ಸಮಿತಿಯಲ್ಲಿ ಕೂತವರಿಗೆ ಗೊತ್ತಿದೆಯಾ? ಗೈಡು ತನ್ನ ಮನೆ ಕೆಲಸ ಹೇಳಿದರೆ ಇಲ್ಲ ಅನ್ನುವ ಧೈರ್ಯ ಎಲ್ಲಿಂದ ಬರಬೇಕು? ಧ್ಯಾನ ಶಿಬಿರದಲ್ಲಿ ಇದಕ್ಕೆ ಉತ್ತರ ಇಲ್ಲ.

ಆಪ್ತಸಲಹೆಗಾರ್ತಿ
ನಿಮ್ಮ ಮಾತು ಒಪ್ಪುತ್ತೇನೆ. ಹಣ, ಗೈಡು ಎರಡೂ ನನ್ನ ಕೋಣೆಗೆ ದಿನಾ ಬರುವ ವಿಷಯಗಳು. ಆದರೆ "ಮೊದಲು ಅದು, ಆಮೇಲೆ ಇದು" ಅನ್ನಬೇಡಿ. ಫೆಲೋಶಿಪ್ ಬರುವ ತನಕ ಕುಗ್ಗಿರುವ ಮನಸ್ಸು ಹಾಗೇ ಕಾಯಬೇಕಾ?

ರಿಸರ್ಚ್_ಸ್ಕಾಲರ್
ಕಾಯಿರಿ ಅನ್ನುತ್ತಿಲ್ಲ ಮೇಡಂ. ತೊಂದರೆ ಕೊಟ್ಟವರೇ ಶಿಬಿರ ಉದ್ಘಾಟನೆ ಮಾಡಿ ಹೋಗಬಾರದು ಅನ್ನುತ್ತಿದ್ದೇನೆ. ದೂರು ಕೊಟ್ಟರೆ ಗೈಡಿಗೆ ಗೊತ್ತಾಗದ ಹಾಗೆ ಒಂದು ದಾರಿ ಬೇಕು. ಯೋಜನೆಯಲ್ಲಿ ಅದನ್ನೂ ಬರೆಯಿರಿ.

ಜ್ಞಾನಭಾರತಿ_ಹಳೆಯ_ವಿದ್ಯಾರ್ಥಿ
ಆರೋಗ್ಯ ಅಂದರೆ ರಸ್ತೆಯೂ ಹೌದು. 2022ರ ಅಕ್ಟೋಬರಿನಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣದಲ್ಲಿ ಒಬ್ಬ ಪಿಜಿ ವಿದ್ಯಾರ್ಥಿನಿ ಬಿಎಂಟಿಸಿ ಬಸ್ಸಿಗೆ ಸಿಕ್ಕಿದಳು. ಹುಡುಗರು ದಿನಗಟ್ಟಲೆ ಧರಣಿ ಕೂತರು. ಹೊರಗಿನ ವಾಹನ ಕ್ಯಾಂಪಸ್ಸಿನೊಳಗೆ ಹಾದುಹೋಗಬಾರದು ಅಂತ ಕೇಳಿದರು. ಸಾವಿರ ಎಕರೆಯ ಕಾಡಿನಂಥ ಜಾಗ ಅದು, ಊರಿನವರಿಗೆ ಅಡ್ಡದಾರಿ ಆಗಿತ್ತು. ಇವತ್ತಿಗೂ ನೆನೆದರೆ ಹೊಟ್ಟೆ ಉರಿಯುತ್ತದೆ. ಮೇಷ್ಟ್ರೇ, ನಿಮ್ಮಲ್ಲಿ ಹಾಸ್ಟೆಲಿನಿಂದ ಕ್ಲಾಸಿಗೆ ಫುಟ್‌ಪಾತ್ ಇದೆಯಾ? ಹಂಪ್ ಇದೆಯಾ? ನೋಡಿ.

ಇಂಟರ್ನಲ್ಸ್_ವಾರ
ಐಐಟಿ ದೆಹಲಿ 2023ರಲ್ಲಿ ಸೆಮಿಸ್ಟರಿನ ಮಧ್ಯದ ಎರಡು ಪರೀಕ್ಷೆಯಲ್ಲಿ ಒಂದನ್ನು ಕೈಬಿಟ್ಟಿತು, ಹುಡುಗರ ಒತ್ತಡ ಕಡಿಮೆ ಮಾಡೋಣ ಅಂತ. ನಮ್ಮಲ್ಲಿ ಒಂದೇ ವಾರದಲ್ಲಿ ಇಂಟರ್ನಲ್ಸು, ಅಸೈನ್‌ಮೆಂಟು, ಸೆಮಿನಾರು. ಅಧ್ಯಾಪಕರು ಒಂದು ಸಲ ಒಟ್ಟಿಗೆ ಕೂತು ಕ್ಯಾಲೆಂಡರ್ ಹಾಕಿದರೆ ಸಾಕು.

ಫೈಲ್_ನೋಡುವವನು
ನಾನು ಒಂದು ವಿವಿಯ ಹಣಕಾಸು ವಿಭಾಗದಲ್ಲಿದ್ದೇನೆ. ಎಲ್ಲರೂ ಒಳ್ಳೆಯದನ್ನೇ ಹೇಳುತ್ತಿದ್ದೀರಿ, ಆದರೆ ಹಣ ಯಾಕೆ ಸಮಾರಂಭಕ್ಕೆ ಹೋಗುತ್ತದೆ ಅಂತ ಯಾರೂ ಕೇಳಲಿಲ್ಲ.

ಇಂಥ ಹಣ ಒಂದು ವರ್ಷದ್ದು. ಮಾರ್ಚ್ 31ರೊಳಗೆ ಖರ್ಚು ಮಾಡಿ ಬಳಕೆ ಪ್ರಮಾಣಪತ್ರ ಕೊಡಬೇಕು, ಇಲ್ಲದಿದ್ದರೆ ವಾಪಸ್. ಮಂಜೂರಾತಿ ಆದೇಶ ಕೈಗೆ ಬರುವ ಹೊತ್ತಿಗೆ ಡಿಸೆಂಬರೋ ಜನವರಿಯೋ ಆಗಿರುತ್ತದೆ. ಶಾಮಿಯಾನ, ಊಟ, ಶಾಲು, ಟೀಶರ್ಟ್ ಬಿಲ್ಲು ಎರಡು ದಿನದಲ್ಲಿ ಆಗುತ್ತದೆ. ಕೌನ್ಸೆಲರ್ ನೇಮಕ ಅಂತ ಬರೆದರೆ ನಾವೇ ಆಕ್ಷೇಪಣೆ ಹಾಕುತ್ತೇವೆ, ಯಾಕೆಂದರೆ ಒಂದು ಸಲದ ಹಣದಲ್ಲಿ ಸಂಬಳ ಕೊಡುವ ಹಾಗಿಲ್ಲ. ಸಮಿತಿಯವರಿಗೆ ಇದು ಗೊತ್ತು, ಅದಕ್ಕೇ ಸುಲಭದ್ದನ್ನು ಬರೆಯುತ್ತಾರೆ.

ಹೀಗೆ ಮಾಡಿ. "ನೇಮಕ" ಅನ್ನಬೇಡಿ. "ಸಂಪನ್ಮೂಲ ವ್ಯಕ್ತಿಗೆ ಭೇಟಿಗೆ ಇಷ್ಟು ಗೌರವಧನ, ವಾರಕ್ಕೆ ಎರಡು ಭೇಟಿ" ಅಂತ ಬರೆಯಿರಿ. ಅದು ಪಾಸಾಗುತ್ತದೆ. ಮುಂದಿನ ವರ್ಷಕ್ಕೆ ವಿದ್ಯಾರ್ಥಿ ಕ್ಷೇಮ ಶುಲ್ಕದಿಂದ ಮುಂದುವರಿಸುತ್ತೇವೆ ಅಂತ ವಿಭಾಗದ ಮುಖ್ಯಸ್ಥರಿಂದ ಒಂದು ಪತ್ರ ಲಗತ್ತಿಸಿ. ಫಿಲ್ಟರ್ ಕೇಳುವಾಗ ಬರೀ ಯಂತ್ರದ ಕೊಟೇಶನ್ ಹಾಕಬೇಡಿ, ಮೂರು ವರ್ಷದ ನಿರ್ವಹಣೆಯನ್ನು ಅದರಲ್ಲೇ ಸೇರಿಸಿ. ಅದಿಲ್ಲದೆ ಕೊಂಡ ಯಂತ್ರಗಳು ನಮ್ಮ ಸ್ಟೋರಿನಲ್ಲಿ ತುಂಬಿವೆ. ಪ್ಯಾಡಿಗೂ ಅಷ್ಟೇ. ಮಷೀನಿಗಿಂತ ವರ್ಷದ ಸರಬರಾಜು ಮುಖ್ಯ, ತುಂಬಿಸುವವರ ಹುದ್ದೆಯನ್ನು ಆದೇಶದಲ್ಲೇ ನಮೂದಿಸಬೇಕು.

ಬಯಲುಸೀಮೆ_ಹುಡುಗಿ
ಇಷ್ಟು ದಿನಕ್ಕೆ ಒಬ್ಬರು ನಿಜ ಹೇಳಿದರು. ಸರ್, ನಾವು ಪ್ರತಿ ವರ್ಷ ಕಟ್ಟುವ ವೈದ್ಯಕೀಯ ಶುಲ್ಕ, ಕ್ರೀಡಾ ಶುಲ್ಕ ಎಲ್ಲಿ ಹೋಗುತ್ತದೆ? ಕೇಳಬಹುದಾ?

ಫೈಲ್_ನೋಡುವವನು
ಕೇಳಲೇಬೇಕು. ಮಾಹಿತಿ ಹಕ್ಕು ಅರ್ಜಿ, 10 ರೂಪಾಯಿ ಪೋಸ್ಟಲ್ ಆರ್ಡರ್. ತಲೆಬರಹವಾರು ಜಮಾ, ಖರ್ಚು, ಉಳಿಕೆ ಅಂತ ಕೇಳಿ. 30 ದಿನದಲ್ಲಿ ಉತ್ತರ ಕೊಡಬೇಕು.

ಹಳ್ಳಿಮೇಷ್ಟ್ರು
ಎಲ್ಲ ಓದಿದೆ. ಬರೆದವರಿಗೆಲ್ಲ ಮನಸ್ಸಾರೆ ವಂದನೆ. ಈಗಿನ ಕರಡು ಹೀಗಿದೆ. ದೊಡ್ಡ ಪಾಲು ವಾರಕ್ಕೆ ಎರಡು ದಿನದ ಆಪ್ತಸಲಹೆಗೆ, ಗೌರವಧನದ ಲೆಕ್ಕದಲ್ಲಿ. ವಾರ್ಡನ್, ಅಡುಗೆಯವರು, ಸೆಕ್ಯುರಿಟಿಗೆ ತರಬೇತಿ. ಎರಡು ಹಾಸ್ಟೆಲಿಗೆ ನಿರ್ವಹಣೆ ಸಮೇತ ನೀರಿನ ಫಿಲ್ಟರ್. ಹಿಮೋಗ್ಲೋಬಿನ್ ತಪಾಸಣೆ ಎರಡು ಸುತ್ತು, ಪಿಎಚ್‌ಸಿ ಜೊತೆ. ಪ್ಯಾಡ್ ಸರಬರಾಜು. ಖರ್ಚಿಲ್ಲದ್ದನ್ನು ಕೊನೆಯಲ್ಲಿ ಶಿಫಾರಸು ಅಂತ ಹಾಕುತ್ತೇನೆ: ಇಂಟರ್ನಲ್ಸ್ ಕ್ಯಾಲೆಂಡರ್, ಜಿಮ್ಮಿನಲ್ಲಿ ಹುಡುಗಿಯರ ಸಮಯ, ಐಡಿ ಕಾರ್ಡಿನಲ್ಲಿ 14416, ಕ್ಯಾಂಟೀನ್ ಷರತ್ತು, ಸಂಶೋಧಕರ ದೂರಿಗೆ ಬೇರೆ ದಾರಿ.

ಬೆಳಗಿನ_ವಾಕಿಂಗ್
ಮ್ಯಾರಥಾನ್ ಪೂರ್ತಿ ತೆಗೆದಿರಾ? ಸಮಿತಿಯಲ್ಲಿ ದೈಹಿಕ ಶಿಕ್ಷಣ ನಿರ್ದೇಶಕರು ಇರುತ್ತಾರೆ. ಅವರನ್ನು ಹೊರಗಿಟ್ಟರೆ ಇಡೀ ಯೋಜನೆಗೆ ಅಡ್ಡ ನಿಲ್ಲುತ್ತಾರೆ. ಟೀಶರ್ಟ್ ಬೇಡ, ವಾರಕ್ಕೊಂದು ದಿನ ಸಂಜೆ ಓಟ, ಕಬಡ್ಡಿ, ಥ್ರೋಬಾಲ್ ಅಂತ ಅವರ ಕೈಗೇ ಕೊಡಿ. ಆಟ ಆಡುವ ಹುಡುಗ ಒಂಟಿಯಾಗುವುದು ಕಡಿಮೆ. ನನ್ನ ಅನುಭವದ ಮಾತು ಇದು.

ಹಳ್ಳಿಮೇಷ್ಟ್ರು
ಇದು ಸರಿಯಾದ ಮಾತು. ಸೇರಿಸುತ್ತೇನೆ. ನಾಳೆಯೇ ಅವರನ್ನು ಕಾಣುತ್ತೇನೆ.

ಆಪ್ತಸಲಹೆಗಾರ್ತಿ
ಕೋಣೆ ಯಾವುದು ಅಂತ ಬರೆದಿಲ್ಲ ನೀವು!

ಹಳ್ಳಿಮೇಷ್ಟ್ರು
ಲೈಬ್ರರಿ ಹಿಂದೆ ಹಳೇ ಪತ್ರಿಕೆಗಳ ಕೋಣೆ ಒಂದಿದೆ ಮೇಡಂ. ಗ್ರಂಥಪಾಲಕರು ಕೊಡುತ್ತೇನೆ ಅಂದಿದ್ದಾರೆ. ಕಿಟಕಿ ಗಾಜು ಒಡೆದಿದೆ, ಬಾಗಿಲಿಗೆ ಚಿಲಕ ಇಲ್ಲ.

ಫೈಲ್_ನೋಡುವವನು
ಚಿಲಕ, ಗಾಜು "ಸಣ್ಣ ದುರಸ್ತಿ" ಅಂತ ಬೇರೆ ಸಾಲಿನಲ್ಲಿ ಹಾಕಿ, ಎಸ್ಟೇಟ್ ವಿಭಾಗದವರು ಮಾಡಿಕೊಡುತ್ತಾರೆ. ಮೂರು ಲಕ್ಷದಲ್ಲಿ ಅದನ್ನು ಸೇರಿಸಬೇಡಿ. ಕರಡು ಕಳಿಸುವ ಮುಂಚೆ ನನಗೊಂದು ಸಲ ತೋರಿಸಿ, ಆಕ್ಷೇಪಣೆ ಬರುವ ಸಾಲುಗಳನ್ನು ಗುರುತು ಹಾಕಿಕೊಡುತ್ತೇನೆ.